ಮೊದಲು ಲಾಳದವರು, ಆಮೇಲೆ ಕುದುರೆ

ಕುದುರೆ ಕೊಳ್ಳಬೇಕೆಂದು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ. ಬಣ್ಣ ಯಾವುದಾದರೆ ಒಳ್ಳೆಯದು? ಎಷ್ಟು ವರ್ಷದ್ದು ತರಬೇಕು? ಗಂಡೋ ಹೆಣ್ಣೋ? ಇದೆಲ್ಲ ಮುಗಿದ ಮೇಲೆ, ದನಿ ತಗ್ಗಿಸಿ, ಸುಳಿಯ ವಿಚಾರ. ಹಣೆಯಲ್ಲಿ ಎಷ್ಟು ಸುಳಿ ಇರಬೇಕು, ಕತ್ತಿನ ಕೆಳಗೆ ದೇವಮಣಿ ಎಂಬ ಸುಳಿ ಇದ್ದರೆ ಮನೆಗೆ ನಿಜವಾಗಿಯೂ ಶುಭವೇ ಎಂದೆಲ್ಲ. ಸರ್ಕಾರಿ ಪಶುವೈದ್ಯನಾಗಿ ದುಡಿದು ನಿವೃತ್ತನಾದ ನನಗೆ ಸುಳಿಶಾಸ್ತ್ರ ಬಾರದು. ಬರುತ್ತದೆ ಎಂದಿದ್ದರೆ ಮರ್ಯಾದೆ ಇನ್ನಷ್ಟು ಹೆಚ್ಚುತ್ತಿತ್ತೋ ಏನೋ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ‘ಲಾಳ ಹೊಡೆಯುವವರು ಯಾರಾದರೂ ಗೊತ್ತಾ?’ ಆ ಕಡೆಯವರು ಸುಮ್ಮನಾಗುತ್ತಾರೆ. ಇಲ್ಲವೇ, ‘ಅದಕ್ಕೇನು ಸಾರ್, ಸಂತೇಲಿ ಎತ್ತಿಗೆ ಹೊಡೀತಾರಲ್ಲ, ಅವರನ್ನೇ ಕರೆಸಿದ್ರಾಯ್ತು’ ಎನ್ನುತ್ತಾರೆ.

ಹಾಗಾಗುವುದಿಲ್ಲ. ಎತ್ತಿನದು ಸೀಳು ಗೊರಸು. ಒಂದು ಕಾಲಿಗೆ ಎರಡು ತೆಳು ತಗಡು, ನಾಲ್ಕು ಕಾಲಿಗೆ ಎಂಟು. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಮಲಗಿಸಿಕೊಂಡೇ ಹೊಡೆಯುತ್ತಾರೆ. ಅದೂ ಸಣ್ಣ ಕಸುಬಲ್ಲ. ಟ್ರ್ಯಾಕ್ಟರು ಬಂದ ಮೇಲೆ ಅವರ ಸಂಖ್ಯೆಯೂ ಕರಗುತ್ತಿದೆ. ಆದರೆ ಕುದುರೆಗೆ ನಿಂತಲ್ಲೇ ಲಾಳ ಕಟ್ಟಬೇಕು. ನಾನೂರೈವತ್ತು ಐನೂರು ಕಿಲೋ ತೂಗುವ ಪ್ರಾಣಿ ಮೂರು ಕಾಲಿನ ಮೇಲೆ ನಿಂತು, ನಾಲ್ಕನೆಯದನ್ನು ಒಬ್ಬ ಮನುಷ್ಯನ ಕೈಗೆ ಕೊಟ್ಟು, ಅವನು ಅದಕ್ಕೆ ಮೊಳೆ ಬಡಿಯುವಾಗ ಸುಮ್ಮನಿರಬೇಕು. ಇಲ್ಲಿ ನಡೆಯುವುದು ಬಲವಲ್ಲ, ಕೈಗುಣ.

ಕುದುರೆ ನಡೆಯುವುದು ಒಂದೊಂದು ಕಾಲಿನಲ್ಲಿ ಒಂದೇ ಬೆರಳಿನ ಮೇಲೆ. ಗೊರಸಿನ ಗೋಡೆ ನಮ್ಮ ಉಗುರಿನ ಹಾಗೆ ಮೇಲಿನಿಂದ ಬೆಳೆದು ಕೆಳಗಿಳಿಯುತ್ತದೆ, ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರು. ಮುಂಗಾಲಿನ ಗೊರಸಿನ ತುದಿ ಪೂರ್ತಿ ಹೊಸದಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಂದರೆ ಈ ಯುಗಾದಿಗೆ ಯಾರೋ ಅರೆಬರೆ ಕಲಿತವನು ಗೋಡೆಯನ್ನು ಒಡೆದುಹಾಕಿದರೆ, ಅದು ತುದಿಗಿಳಿದು ಕತ್ತರಿಸಿ ಹೋಗುವ ಹೊತ್ತಿಗೆ ಮುಂದಿನ ಯುಗಾದಿ ಬಂದಿರುತ್ತದೆ. ಇನ್ನೊಂದು ವಿಷಯ: ಗೊರಸು ಬೆಳೆಯುತ್ತದೆ, ಲಾಳ ಬೆಳೆಯುವುದಿಲ್ಲ. ಆರರಿಂದ ಎಂಟು ವಾರಕ್ಕೆ ಗೊರಸು ಮುಂದಕ್ಕೆ ಚಾಚಿ, ಲಾಳ ಇದ್ದಲ್ಲೇ ಉಳಿದು, ಹಿಮ್ಮಡಿ ಕುಸಿದು, ಕಾಲಿನ ಹಿಂಭಾಗದ ಸ್ನಾಯುರಜ್ಜುಗಳ ಮೇಲೆ ಎಳೆತ ಬೀಳುತ್ತದೆ. ಮಾಲೀಕರು ಮಾತ್ರ ಲಾಳವನ್ನು ಬೆರಳಿನಿಂದ ತಟ್ಟಿ ನೋಡಿ, ‘ಇನ್ನೂ ಸವೆದೇ ಇಲ್ಲ, ದೀಪಾವಳಿ ಕಳೀಲಿ’ ಎನ್ನುತ್ತಾರೆ. ಸವೆತದ ಲೆಕ್ಕವೇ ಬೇರೆ, ಗೊರಸಿನ ಬೆಳವಣಿಗೆಯ ಲೆಕ್ಕವೇ ಬೇರೆ.

ಮೈಸೂರಿನಲ್ಲಿ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಹಿರಿಯರೊಬ್ಬರ ಕೆಲಸವನ್ನು ನಾನು ಬಹಳ ಸಲ ನಿಂತು ನೋಡಿದ್ದೇನೆ. ಬಂದವರೇ ಕಾಲು ಮುಟ್ಟುತ್ತಿರಲಿಲ್ಲ. ಕುದುರೆಯನ್ನು ಗಟ್ಟಿ ನೆಲದ ಮೇಲೆ ನಡೆಸಿಕೊಂಡು ಹೋಗಿ ಬರಲು ಹೇಳಿ, ತಾವು ಅದರ ಕಾಲು ನೋಡುವುದನ್ನು ಬಿಟ್ಟು ಎಲ್ಲೋ ನೋಡುತ್ತಾ ನಿಲ್ಲುತ್ತಿದ್ದರು. ಅವರು ಕೇಳಿಸಿಕೊಳ್ಳುತ್ತಿದ್ದರು. ನಾಲ್ಕು ಗೊರಸಿನ ಸದ್ದು ಒಂದೇ ಸಮ ಬೀಳುತ್ತಿದೆಯೋ, ಒಂದು ಕಾಲು ಬೇಗ ಎತ್ತುತ್ತಿದೆಯೋ ಎಂಬುದು ಅವರಿಗೆ ಕಿವಿಯಿಂದಲೇ ತಿಳಿಯುತ್ತಿತ್ತು. ಆಮೇಲೆ ಕುದುರೆಯ ತಲೆಯ ಕಡೆಗೆ ಬೆನ್ನು ಮಾಡಿ, ಮುಂಗಾಲನ್ನು ಎತ್ತಿ ಎರಡು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಹಳೆಯ ಮೊಳೆಗಳ ಮಡಿಚಿದ ತುದಿಗಳನ್ನು ಬಿಡಿಸಿ, ಇಕ್ಕಳದಿಂದ ಲಾಳವನ್ನು ಹಿಮ್ಮಡಿಯ ಕಡೆಯಿಂದ ಸ್ವಲ್ಪಸ್ವಲ್ಪವೇ ಸಡಿಲಿಸುವರು. ಅಂಗಾಲಿನ ಸತ್ತ ಪದರವನ್ನು ಬಾಗಿದ ಚಾಕುವಿನಿಂದ ಕೆರೆಯುವರು. ಬೆಳೆದ ಗೋಡೆಯನ್ನು ಕತ್ತರಿಸಿ ಅರ ಹಾಕುವರು. ಹಾಕಿ, ಗೊರಸನ್ನು ಕಣ್ಣಿನ ಮಟ್ಟಕ್ಕೆ ತಂದು ಒಂದು ಕಣ್ಣು ಮುಚ್ಚಿ ನೋಡುವರು, ಬಡಗಿ ಹಲಗೆಯ ಅಂಚು ನೋಡಿದಂತೆ.

ಲಾಳ ಅಂಗಡಿಯಿಂದ ತಂದ ತಯಾರಿ ಮಾಲೇ. ಆದರೆ ಅದನ್ನು ಆ ಕಾಲಿನ ಮೇಲಿಟ್ಟು ನೋಡಿ, ಅಡಿಗಲ್ಲಿನ ಮೇಲೆ ಬಡಿದು ಒಂದಿಷ್ಟು ಅಗಲಿಸಿ, ಮತ್ತೆ ಇಟ್ಟು ನೋಡಿ, ಮತ್ತೆ ಬಡಿಯುವರು. ಕೆಲಸಗಳ್ಳನಾದರೆ ಇಲ್ಲಿ ಉಲ್ಟಾ ಮಾಡುತ್ತಾನೆ: ಲಾಳ ಇದ್ದ ಹಾಗೇ ಹೊಡೆದು, ಹೊರಗೆ ಉಳಿದ ಗೊರಸನ್ನು ಅರ ಹಾಕಿ ಉಜ್ಜಿಬಿಡುತ್ತಾನೆ. ನೋಡಲು ಚೆನ್ನಾಗಿಯೇ ಕಾಣುತ್ತದೆ. ಗೋಡೆ ತೆಳುವಾಗಿದೆ ಎಂದು ಗೊತ್ತಾಗುವುದು ಮುಂದಿನ ಸಲ ಮೊಳೆ ನಿಲ್ಲದಿದ್ದಾಗ.

ಮೊಳೆಗೂ ಒಂದು ಸೂಕ್ಷ್ಮವಿದೆ. ಅದರ ತುದಿ ಒಂದು ಮಗ್ಗುಲಿಗೆ ಮಾತ್ರ ಇಳಿಜಾರು. ಆ ಮಗ್ಗುಲು ಒಳಮುಖವಾಗಿರುವಂತೆ ಹೊಡೆದರೆ ಮೊಳೆ ಗೋಡೆಯೊಳಗೆ ಹೋಗುತ್ತಾ ಹೊರಕ್ಕೆ ಬಾಗಿ, ಪಕ್ಕದಲ್ಲಿ ತಲೆ ಹಾಕುತ್ತದೆ. ತಿರುಗುಮುರುಗಾದರೆ ಜೀವವಿರುವ ಮಾಂಸಕ್ಕೆ ಹೋಗುತ್ತದೆ. ಗೊರಸಿನ ಅಡಿಯಲ್ಲಿ ಗೋಡೆಗೂ ಅಂಗಾಲಿಗೂ ನಡುವೆ ಒಂದು ಬಿಳಿಗೆರೆ ಕಾಣುತ್ತದೆ. ಮೊಳೆ ಆ ಗೆರೆಯ ಹೊರಗಷ್ಟೇ ಇರಬೇಕು. ಆ ಅಂತರ ಕೆಲವೇ ಮಿಲಿಮೀಟರು. ಹಿಮ್ಮಡಿಯ ಕಡೆಗೆ ಮೊಳೆ ಹೊಡೆಯುವಂತೆಯೇ ಇಲ್ಲ. ಏಕೆಂದರೆ ಪ್ರತಿ ಹೆಜ್ಜೆಗೂ ಗೊರಸು ಹಿಂದಕ್ಕೆ ಒಂದಿಷ್ಟು ಅರಳಿ ಮುಚ್ಚಿಕೊಳ್ಳುತ್ತದೆ, ಆ ಅರಳುವಿಕೆಯೇ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳಲು ನೆರವಾಗುತ್ತದೆ.

ಒಂದು ದಿನ ಅವರು ನಾಲ್ಕನೆಯ ಮೊಳೆ ಹೊಡೆಯುತ್ತಿದ್ದಾಗ ಸುತ್ತಿಗೆಯ ಸದ್ದು ಬದಲಾಯಿತು. ಗಟ್ಟಿಯಾಗಿ ಠಣ್ ಎನ್ನುತ್ತಿದ್ದದ್ದು ಮಂಕಾಗಿ ಕೇಳಿಸಿತು. ಕುದುರೆ ಭುಜ ಅಲ್ಲಾಡಿಸಿತು, ಅಷ್ಟೇ. ಅವರು ಮೊಳೆ ಕಿತ್ತರು. ಅದನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಒರೆಸಿ ನೋಡಿದರು.

‘ಏನಾಯ್ತು ಭಾಯ್?’ ಅಂದೆ.

‘ಹತ್ರ ಹೋಗಿತ್ತು ಸಾರ್. ರಕ್ತ ಇಲ್ಲ. ಆದ್ರೂ ಇವತ್ತು ಹಂಗೇ ಬಿಟ್ರೆ ನಾಳಿದ್ದು ಕುಂಟುತ್ತೆ. ನಾನಿಲ್ದೇ ಇರೋವಾಗ ಕುಂಟುತ್ತೆ.’

ಆ ತೂತನ್ನು ಖಾಲಿ ಬಿಟ್ಟು ಪಕ್ಕದ ತೂತಿಗೆ ಹೋದರು. ಆ ಒಂದು ಮೊಳೆಯನ್ನು ಕೀಳಲು ಬೇಕಾದ ಕಿವಿ ಎಷ್ಟು ವರ್ಷಕ್ಕೆ ಬರುತ್ತದೋ ನಾನು ಲೆಕ್ಕ ಹಾಕಲಾರೆ. ನನ್ನ ಪದವಿಯಲ್ಲಿ ಅದನ್ನು ಕಲಿಸಿರಲಿಲ್ಲ ಎಂಬುದು ಮಾತ್ರ ಗೊತ್ತು. ಪಶುವೈದ್ಯರಿಗೆ ಲಾಳ ಹೊಡೆಯಲು ಬರುತ್ತದೆಂದು ಜನ ಭಾವಿಸುತ್ತಾರೆ. ನಾವು ಓದಿದ್ದರಲ್ಲಿ ಹಸು, ಎಮ್ಮೆ, ಕುರಿ, ಕೋಳಿಯದೇ ಸಿಂಹಪಾಲು. ಕುಂಟುವ ಕುದುರೆಯ ರೋಗ ನಾವು ಹೇಳಬಲ್ಲೆವು. ಅರ ಹಿಡಿದು ಸರಿಮಾಡುವವರು ಬೇರೆಯೇ.

ಲಾಳದವರ ಕೊರತೆ ಇವತ್ತಿನದಲ್ಲ. 13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣಕ್ಕೆ ಬಂದ ಮಾರ್ಕೊ ಪೋಲೊ, ತಮಿಳು ಕರಾವಳಿಯ ಪಾಂಡ್ಯರ ನಾಡಿನ ಬಗ್ಗೆ ಬರೆಯುತ್ತಾ ಒಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಅಲ್ಲಿನ ರಾಜರು ಹಾರ್ಮುಜ್ ಕಡೆಯಿಂದ ಬರುವ ಕುದುರೆಗಳನ್ನು ವರ್ಷವರ್ಷವೂ ಸಾವಿರಗಟ್ಟಲೆ ಕೊಳ್ಳುತ್ತಾರಂತೆ; ವರ್ಷದ ಕೊನೆಗೆ ನೂರು ಉಳಿದರೆ ಹೆಚ್ಚಂತೆ. ಸಾಕುವ ಕ್ರಮ ಗೊತ್ತಿಲ್ಲ, ಲಾಳ ಕಟ್ಟಿ ಮದ್ದು ಮಾಡುವವರಿಲ್ಲ. ಮುಂದಿನ ಮಾತು ಇನ್ನೂ ಮಜವಾಗಿದೆ: ಕುದುರೆ ವ್ಯಾಪಾರಿಗಳು ಅಂಥವರನ್ನು ತಮ್ಮ ಜೊತೆ ಕರೆತರುವುದಿಲ್ಲ, ಬೇರೆ ಯಾರೂ ಹೋಗದಂತೆಯೂ ನೋಡಿಕೊಳ್ಳುತ್ತಾರೆ. ಕುದುರೆ ಬದುಕಿದರೆ ಮುಂದಿನ ವರ್ಷ ಮಾರುವುದೇನು? ಪೋಲೊ ಉತ್ಪ್ರೇಕ್ಷೆಗೆ ಹೆಸರಾದವನು, ಅಂಕಿಗಳನ್ನು ಅರ್ಧಕ್ಕೆ ಇಳಿಸಿಕೊಳ್ಳೋಣ. ವ್ಯಾಪಾರದ ಬುದ್ಧಿಯನ್ನು ಮಾತ್ರ ಇಳಿಸಬೇಕಾಗಿಲ್ಲ. ವಿಜಯನಗರದ ಕಾಲದಲ್ಲಿ ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನ್ಯೂನಿಜ್ ಬರೆದಿರುವಂತೆ, ದೊರೆ ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದ, ಬಾಲ ತಂದು ತೋರಿಸಿದರೆ ಸಾಕಿತ್ತು.

ಹಾಗೆಂದು ನಮ್ಮಲ್ಲಿ ಕುದುರೆಯ ವಿದ್ಯೆ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣ ಇದೆ, ಅವುಗಳ ಮೇಲೆ ಕುಳಿತು ಚೆಂಡಾಡುವ ಆಟವಿದೆ. ಕನ್ನಡದಲ್ಲೇ ಅಭಿನವಚಂದ್ರ ಅಶ್ವವೈದ್ಯ ಬರೆದಿದ್ದಾನೆ. ಹೈದರ್ ಟಿಪ್ಪುವಿನ ಕಾಲದಿಂದ ಕುಣಿಗಲ್‌ನಲ್ಲಿ ಕುದುರೆ ತಳಿ ಬೆಳೆಸಿದ್ದಾರೆ. 1918ರ ಸೆಪ್ಟೆಂಬರಿನಲ್ಲಿ ಹೈಫಾ ಹಿಡಿದ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಆ ಕಾಲದ ಅಶ್ವದಳಗಳಲ್ಲಿ ಲಾಳ ಕಟ್ಟುವ ನಾಲಬಂದ ಎಂಬುದೇ ಒಂದು ಹುದ್ದೆ. ಉತ್ತರ ಕರ್ನಾಟಕದಲ್ಲಿ ಅದು ಮನೆತನದ ಹೆಸರಾಗಿ ಉಳಿದಿದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲೂ ಇದೆ. ಹೆಸರು ಉಳಿಸಿಕೊಂಡವರಲ್ಲಿ ಕಸುಬು ಉಳಿಸಿಕೊಂಡವರು ಕಡಿಮೆ.

ಕಡಿಮೆಯಾಗದೆ ಏನಾದೀತು? 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಕುದುರೆ ಮತ್ತು ತಟ್ಟುಗಳು ಸುಮಾರು 6.25 ಲಕ್ಷ ಇದ್ದವು. 2019ರ ಗಣತಿಗೆ 3.4 ಲಕ್ಷಕ್ಕೆ ಇಳಿದವು. ಏಳು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ. ಟಾಂಗಾ ಹೋಯಿತು, ಜೊತೆಗೆ ಬೀದಿ ಬದಿಯಲ್ಲಿ ಅಡಿಗಲ್ಲು ಇಟ್ಟುಕೊಂಡು ಕೂರುತ್ತಿದ್ದವರೂ ಹೋದರು. ಈಗ ಕೈ ಕುದುರಿದವರು ಸಿಗುವುದು ಬೆಂಗಳೂರು, ಮೈಸೂರುಗಳ ರೇಸ್ ಕೋರ್ಸಿನ ಲಾಯಗಳ ಸುತ್ತ, ತಳಿ ಕೇಂದ್ರಗಳಲ್ಲಿ, ಸವಾರಿ ಶಾಲೆಗಳಲ್ಲಿ, ದಸರಾ ಮೆರವಣಿಗೆಯಲ್ಲಿ ನೀವು ನೋಡುವ ಅಶ್ವಾರೋಹಿ ಪೊಲೀಸರ ಬಳಿ. ಸೈನ್ಯದ ಪಶುವೈದ್ಯ ದಳದವರು ಮೀರತ್ತಿನಲ್ಲಿ ತಮ್ಮ ಲಾಳಗಾರರನ್ನು ತರಬೇತು ಮಾಡುತ್ತಾರೆ. ಅಲ್ಲಿಂದ ನಿವೃತ್ತರಾಗಿ ಬಂದವರೊಬ್ಬರು ನಿಮ್ಮ ಜಿಲ್ಲೆಯಲ್ಲಿದ್ದರೆ ನಿಮ್ಮ ಪುಣ್ಯ. ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುದುರೆ ಹೇಸರಗತ್ತೆಗಳಿಗಾಗಿ ಕೆಲಸ ಮಾಡುವ ಬ್ರೂಕ್ ಸಂಸ್ಥೆ ಉತ್ತರದ ರಾಜ್ಯಗಳಲ್ಲಿ ಊರಿನ ನಾಲಬಂದರಿಗೇ ತರಬೇತಿ ಕೊಡುತ್ತಿದೆ, ಅದು ಸರಿಯಾದ ದಾರಿ.

ಇಂಗ್ಲೆಂಡಿನಲ್ಲಿ ಲಾಳಗಾರರ ಸಂಘ ಶುರುವಾದದ್ದು 1356ರಲ್ಲಿ. 1975ರಲ್ಲಿ ಕಾನೂನೇ ಬಂತು: ನೋಂದಣಿಯಾಗದವರು ಕುದುರೆಗೆ ಲಾಳ ಹೊಡೆಯುವಂತಿಲ್ಲ, ಕುದುರೆ ತಮ್ಮದೇ ಆಗಿದ್ದರೂ ಸಹ. ವರ್ಷಗಟ್ಟಲೆ ಗುರುವಿನ ಕೈಕೆಳಗೆ ದುಡಿದು, ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಪಶುವೈದ್ಯನಿಗೆ ನೋಂದಣಿ ಸಂಖ್ಯೆಯಿದೆ. ಆ ಕಿವಿಯಿದ್ದ ಹಿರಿಯರ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಒದೆ ತಿಂದರೆ ವಿಮೆಯಿಲ್ಲ, ನಡು ಬಿದ್ದರೆ ಪಿಂಚಣಿಯಿಲ್ಲ. ‘ಮಗನಿಗೆ ಕಲಿಸಲಿಲ್ವಾ ಭಾಯ್?’ ಎಂದು ಕೇಳಿದ್ದಕ್ಕೆ, ‘ಏಸಿ ರಿಪೇರಿ ಕಲ್ತಿದ್ದಾನೆ ಸಾರ್. ಏಸಿ ಒದೆಯಲ್ಲ’ ಅಂದರು. ಅದಕ್ಕೆ ಉತ್ತರ ನನ್ನಲ್ಲಿ ಇರಲಿಲ್ಲ. ಈಗಲೂ ಇಲ್ಲ.

ಇತ್ತ ಕುದುರೆ ಸಾಕುವ ಆಸೆ ಮಾತ್ರ ಹೆಚ್ಚುತ್ತಿದೆ. ತೋಟದ ಮನೆ ಕಟ್ಟಿಸಿದವರಿಗೆ ಒಂದು ಕುದುರೆಯಿದ್ದರೆ ಚೆಂದ ಎನಿಸುತ್ತದೆ. ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸಿನವರೆಗೆ ಹೋಗಿ ಬಂದದ್ದನ್ನು ಕಂಡ ಮೇಲೆ ಮಕ್ಕಳನ್ನು ಸವಾರಿಗೆ ಕಳಿಸುವ ತಂದೆತಾಯಿಯರಿದ್ದಾರೆ, ಸಂತೋಷ. ಜೂಜಿನ ಕುದುರೆ ಎರಡು ವರ್ಷದ ವಯಸ್ಸಿಗೇ ಓಡತೊಡಗಿ, ಐದಾರು ವರ್ಷಕ್ಕೆ ನಿವೃತ್ತಿಯಾಗುತ್ತದೆ. ಅಂಥದ್ದು ಅಗ್ಗಕ್ಕೆ ಸಿಗುತ್ತದೆ, ಕೆಲವೊಮ್ಮೆ ಪುಕ್ಕಟೆಯಾಗಿಯೇ. ಆದರೆ ಕುದುರೆ ಇಪ್ಪತ್ತೈದು ವರ್ಷ ಬದುಕುವ ಪ್ರಾಣಿ. ಉಳಿದ ಇಪ್ಪತ್ತು ವರ್ಷ ನಿಮ್ಮದು. ಹುಲ್ಲು, ಹುರುಳಿ, ಬೂಸಾ, ಕುದುರೆಮೆಂತೆಯ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಆರೇಳು ವಾರಕ್ಕೊಮ್ಮೆ ನೂರು ಕಿಲೋಮೀಟರು ದೂರದಿಂದ ಬೈಕಿನಲ್ಲಿ ಬರಬೇಕಾದ ಮನುಷ್ಯನ ಲೆಕ್ಕ ಯಾರೂ ಹಾಕುವುದಿಲ್ಲ. ಒಂದೇ ಕುದುರೆಗಾಗಿ ಅವನು ಒಂದು ದಿನದ ಕೂಲಿ ಕಳೆದುಕೊಂಡು ಬರುತ್ತಾನೆಯೇ? ‘ಬರ್ತೀನಿ ಸಾರ್’ ಅನ್ನುತ್ತಾನೆ. ಬರುವುದಿಲ್ಲ. ಅವನ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ. ಜೊತೆಗೆ ಆ ಓಟದ ಥರೋಬ್ರೆಡ್ ಕುದುರೆಗಳ ಗೊರಸು ಬಹುಮಟ್ಟಿಗೆ ತೆಳುಗೋಡೆ, ಚಪ್ಪಟೆ ಅಂಗಾಲು. ಹಗುರ ಅಲ್ಯೂಮಿನಿಯಂ ಲಾಳಕ್ಕೆ ಒಗ್ಗಿದ ಕಾಲು. ನಮ್ಮ ಕಲ್ಲುಮಣ್ಣಿಗೆ ಅದನ್ನು ಹದಗೊಳಿಸಲು ತಿಂಗಳುಗಳು ಬೇಕು, ಒಳ್ಳೆಯ ಕೈಯೂ ಬೇಕು.

ಹಾಗಾದರೆ ಲಾಳವೇ ಬೇಡ, ಕಾಡಿನ ಕುದುರೆಗೆ ಯಾರು ಹೊಡೆಯುತ್ತಾರೆ ಎನ್ನುವವರಿದ್ದಾರೆ. ವಾದದಲ್ಲಿ ಹುರುಳಿದೆ. ಮೆದು ನೆಲದಲ್ಲಿ ಮೇಯ್ದುಕೊಂಡು, ಅಪರೂಪಕ್ಕೆ ಸವಾರಿಗೆ ಬರುವ ಕುದುರೆಗೆ ಲಾಳ ಬೇಕಿಲ್ಲ. ನಾನೇ ಎಷ್ಟೋ ಕುದುರೆಗಳ ಲಾಳ ತೆಗೆಸಿದ್ದೇನೆ. ಆದರೆ ಕಾಡಿನ ಕುದುರೆ ದಿನಕ್ಕೆ ಹತ್ತಾರು ಮೈಲಿ ನಡೆದು ಗೊರಸನ್ನು ತಾನೇ ತೇಯ್ದುಕೊಳ್ಳುತ್ತದೆ. ನಿಮ್ಮದು ಲಾಯದಲ್ಲಿ ನಿಂತಿರುತ್ತದೆ. ಲಾಳವಿಲ್ಲದಿದ್ದರೂ ಗೊರಸು ಕತ್ತರಿಸಿ ಸಮ ಮಾಡುವವರು ಬೇಕೇ ಬೇಕು. ಡಾಂಬರು, ಕಾಂಕ್ರೀಟಿನ ಮೇಲೆ ದಿನವಿಡೀ ಗಾಡಿ ಎಳೆಯುವ ಕುದುರೆಗೆ ‘ಬರಿಗಾಲೇ ಸಹಜ’ ಎಂದು ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಮಾತು.

ನೀವೇ ಮಾಡಬೇಕಾದದ್ದು ಒಂದಿಷ್ಟಿದೆ. ದಿನಾ ಬೆಳಿಗ್ಗೆ ನಾಲ್ಕೂ ಗೊರಸು ಎತ್ತಿ, ಕೊಕ್ಕೆಯಿಂದ ಸಗಣಿ, ಕಲ್ಲು ತೆಗೆಯಿರಿ. ಅಂಗಾಲಿನ ನಡುವೆ ಮೂರು ಮೂಲೆಯಾಗಿ ಮೆತ್ತಗಿರುವ ಭಾಗವೊಂದಿದೆ. ಅದರ ಪಕ್ಕದ ಸಂದುಗಳಲ್ಲಿ ಕಪ್ಪು ಕೆಸರಿನಂಥದ್ದು ಬಂದು, ಮೂಗು ಮುಚ್ಚುವಂಥ ವಾಸನೆ ಹೊಡೆದರೆ ಕೊಳೆಯಲು ಶುರುವಾಗಿದೆ ಎಂದರ್ಥ. ಮಲೆನಾಡಿನ ಮಳೆಯಲ್ಲಿ, ಉಚ್ಚೆ ನೆನೆದ ಹಾಸಿನ ಮೇಲೆ ನಿಂತ ಕುದುರೆಗೆ ಇದು ತಪ್ಪಿದ್ದಲ್ಲ. ಔಷಧಿಗಿಂತ ಮೊದಲು ನೆಲ ಒಣಗಿಸಿ. ಮೊಳೆ ಚುಚ್ಚಿದ ಗಾಯವಾದರೆ ತಡಮಾಡದೆ ವೈದ್ಯರನ್ನು ಕರೆಸಿ. ಧನುರ್ವಾಯು ಕುದುರೆಯನ್ನು ಹಿಡಿದಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಯನ್ನು ಹಿಡಿಯುವುದಿಲ್ಲ, ಲಸಿಕೆ ಹಾಕಿಸಿಟ್ಟಿರಬೇಕು.

ಇನ್ನೊಂದು ಭಯಂಕರವಾದದ್ದು ಹೊಟ್ಟೆಯಿಂದ ಗೊರಸಿಗೆ ಇಳಿಯುವ ರೋಗ. ಮದುವೆ ಮೆರವಣಿಗೆಗೆ ಬಂದ ಕುದುರೆಗೆ ಬೀಗರು ಪ್ರೀತಿಯಿಂದ ಮೊರದ ತುಂಬ ಅಕ್ಕಿ, ಬೆಲ್ಲ ತಿನ್ನಿಸುತ್ತಾರೆ. ಅಥವಾ ರಾತ್ರಿ ಹಗ್ಗ ಬಿಚ್ಚಿಕೊಂಡು ಜೋಳದ ಚೀಲಕ್ಕೆ ಬಾಯಿ ಹಾಕುತ್ತದೆ. ಒಂದೆರಡು ದಿನಕ್ಕೆ ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ, ತಿರುಗಲೊಲ್ಲದು. ಗೊರಸು ಮುಟ್ಟಿದರೆ ಬಿಸಿ. ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿಟ್ಟ ಎಲೆ ಎಲೆಯಂಥ ಮಡಿಕೆಗಳು ಊದಿಕೊಂಡಿರುತ್ತವೆ. ಊದಲು ಗೊರಸಿನೊಳಗೆ ಜಾಗವಿಲ್ಲ. ಕೈಮೀರಿದರೆ ಹಿಡಿತ ಬಿಟ್ಟು ಮೂಳೆಯೇ ಕೆಳಕ್ಕೆ ತಿರುಗುತ್ತದೆ. ಆಗ ವೈದ್ಯರೂ ಲಾಳದವರೂ ಒಟ್ಟಿಗೆ ನಿಂತು, ಎಕ್ಸ್‌ರೇ ನೋಡಿಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಬೇಕು. ಇಬ್ಬರೂ ಒಟ್ಟಿಗೆ ಸಿಗುವ ಊರುಗಳನ್ನು ಬೆರಳಲ್ಲಿ ಎಣಿಸಬಹುದು.

ಆದ್ದರಿಂದ, ಕುದುರೆ ನೋಡಲು ಹೋಗುವ ಮುನ್ನ ಲಾಳದವರನ್ನು ಹುಡುಕಿ. ಹತ್ತಿರದ ಸವಾರಿ ಶಾಲೆಯಲ್ಲಿ ವಿಚಾರಿಸಿ. ಸಾಧ್ಯವಾದರೆ ಕುದುರೆ ನೋಡಲು ಅವರನ್ನೇ ಕರೆದುಕೊಂಡು ಹೋಗಿ. ಆ ದಿನದ ಕೂಲಿ ಕೊಡಿ. ಸುತ್ತಮುತ್ತ ನಾಲ್ಕಾರು ಕುದುರೆಗಳಿದ್ದರೆ ಮಾಲೀಕರೆಲ್ಲ ಸೇರಿ ಒಂದೇ ದಿನ ಗೊತ್ತು ಮಾಡಿ, ಅವರಿಗೂ ಬಂದದ್ದು ಗಿಟ್ಟುತ್ತದೆ. ಪೆಟ್ರೋಲಿನ ದುಡ್ಡಿಗೆ ಚೌಕಾಸಿ ಮಾಡಬೇಡಿ. ಕಾಲೆತ್ತಿ ನಿಲ್ಲುವ ಅಭ್ಯಾಸವನ್ನು ಮರಿಯಿಂದಲೇ ಮಾಡಿಸಿ. ಒದೆಯುವ ಕುದುರೆಗೆ ಎರಡನೆಯ ಸಲ ಯಾರೂ ಬರುವುದಿಲ್ಲ. ಅವರು ಬರುವ ದಿನ ಕುದುರೆಯ ಮೈ ತೊಳೆಸಬೇಡಿ, ಕಾಲು ಒಣಗಿರಲಿ. ನೆರಳು ಬೇಕು, ಗಟ್ಟಿಯಾದ ಸಮನೆಲ ಬೇಕು, ನೊಣ ಅಟ್ಟಲು ಒಬ್ಬರು ಪಕ್ಕದಲ್ಲಿರಬೇಕು. ಕುದುರೆ ಹಿಡಿದುಕೊಳ್ಳಲು ಆಳನ್ನು ಬಿಟ್ಟು ನೀವು ಒಳಗೆ ಹೋಗಬೇಡಿ, ಹಗ್ಗವನ್ನು ನೀವೇ ಹಿಡಿದುಕೊಳ್ಳಿ. ಅವರು ಮೊಳೆ ಕಿತ್ತು ನೋಡಿದರೆ, ‘ಯಾಕೆ ತಡ’ ಎಂದು ಕೇಳಬೇಡಿ.